21 ವರ್ಷ, ಒಂದೇ ಕಪ್

ಬೇಸಿಗೆಯಲ್ಲಿ ಹಾಸನದಿಂದ ಭಾವ ಬಂದಿದ್ದರು. ಡಾಲಸ್ ಪೇಟೆ ತೋರಿಸಲು ಕರೆದುಕೊಂಡು ಹೋದೆ. ಕೆನಡಿಗೆ ಗುಂಡು ಬಿದ್ದ ಜಾಗ ನೋಡಿ, ಅಲ್ಲಿಂದ ಅಮೆರಿಕನ್ ಏರ್‌ಲೈನ್ಸ್ ಸೆಂಟರ್ ಕಡೆ ಹೋದೆವು. ಆ ಕ್ರೀಡಾಂಗಣದ ಮುಂದೆ ಒಂದು ಬಿಳಿ ಪ್ರತಿಮೆ ಇದೆ. ಒಂದು ಕಾಲೆತ್ತಿ, ಹಿಂದಕ್ಕೆ ವಾಲಿ ಚೆಂಡು ಎಸೆಯುತ್ತಿರುವ ಉದ್ದನೆಯ ಆಸಾಮಿ. ಡಾಲಸ್ ಮಾವೆರಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಡರ್ಕ್ ನೊವಿಟ್ಸ್ಕಿ. ಭಾವ ಫೋಟೊ ತೆಗೆಸಿಕೊಂಡು ಕೇಳಿದರು, "ಎಷ್ಟು ಕಪ್ ಗೆದ್ದಿದಾನೆ?" ಒಂದು ಅಂದೆ. "ಎಷ್ಟು ವರ್ಷ ಆಡಿದ?" ಇಪ್ಪತ್ತೊಂದು. "ಅಷ್ಟಕ್ಕೇ ಇಷ್ಟು ದೊಡ್ಡ ಪ್ರತಿಮೆನಾ?"

ಮಾತು ಚುಚ್ಚಿತು. ಭಾವನ ಮೇಲೆ ಸಿಟ್ಟಿಲ್ಲ, ನಮ್ಮ ಕಡೆ ಎಲ್ಲರೂ ಕೇಳುವುದು ಅದನ್ನೇ. ಪಂಕ್ತಿಯಲ್ಲಿ ಪಕ್ಕ ಕೂತ ಹುಡುಗನ ಪಿಯುಸಿ ಪರ್ಸೆಂಟೇಜ್ ವಿಚಾರಿಸದೆ ನಮಗೆ ಹೋಳಿಗೆ ಇಳಿಯುವುದಿಲ್ಲ, ಅಲ್ವಾ? ಆಟಗಾರರಿಗೂ ಅದೇ ಅಳತೆ.

ನೊವಿಟ್ಸ್ಕಿ ಜರ್ಮನಿಯ ವ್ಯುರ್ತ್ಸ್‌ಬುರ್ಗ್ ಊರಿನವನು. ಅಮ್ಮ ಜರ್ಮನಿ ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದವರು, ಅಪ್ಪ ಹ್ಯಾಂಡ್‌ಬಾಲ್ ಆಟಗಾರ. ಹೊಲ್ಗರ್ ಗೆಶ್ವಿಂಡ್ನರ್ ಎಂಬ ಹಳೇ ಆಟಗಾರ ಹುಡುಗನನ್ನು ಹಿಡಿದು ತಿದ್ದಿದ. ಚೆಂಡು ಯಾವ ಕೋನದಲ್ಲಿ ಹೋದರೆ ಬುಟ್ಟಿಗೆ ಬೀಳುತ್ತದೆ ಅಂತ ಲೆಕ್ಕ ಹಾಕಿ ಕಲಿಸಿದ, ಜೊತೆಗೆ ಸ್ಯಾಕ್ಸೊಫೋನ್ ಕೂಡ ನುಡಿಸಲು ಹಚ್ಚಿದ. ನಮ್ಮಲ್ಲಾಗಿದ್ದರೆ ಎಸ್ಸೆಸ್ಸೆಲ್ಸಿ ಬಂತು ಅಂತ ಮೊದಲು ಚೆಂಡು, ಆಮೇಲೆ ಸ್ಯಾಕ್ಸೊಫೋನ್, ಎರಡೂ ಅಟ್ಟ ಸೇರುತ್ತಿದ್ದವು.

1998ರಲ್ಲಿ ಅಮೆರಿಕದ ಎನ್‌ಬಿಎ ಲೀಗ್‌ನ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗ, 9ನೆಯವನಾಗಿ ಆಯ್ಕೆಯಾಗಿ ಡಾಲಸ್‌ಗೆ ಬಂದ. ಮೊದಲ ಸೀಸನ್ ಬಲು ಕೆಟ್ಟದು. ಪಂದ್ಯಕ್ಕೆ ಸರಾಸರಿ 8.2 ಅಂಕ. ಊರಿಗೆ ವಾಪಸ್ ಹೋಗಿಬಿಡೋಣ ಅಂತ ಅನಿಸಿತ್ತಂತೆ. ತಂಡ ಬಿಡಲಿಲ್ಲ, ಅವನೂ ಹೋಗಲಿಲ್ಲ. 2006ರಲ್ಲಿ ಫೈನಲ್ಸ್. ಮಯಾಮಿ ಎದುರು ಮೊದಲ ಎರಡು ಪಂದ್ಯ ಗೆದ್ದು, ಮುಂದಿನ ನಾಲ್ಕನ್ನೂ ಸೋತರು.

ನನಗೆ ಮುಖ್ಯ ಅನಿಸುವುದು ಅದರ ಮರುವರ್ಷ. 2006–07ರಲ್ಲಿ ಡಾಲಸ್ 82 ಪಂದ್ಯಗಳಲ್ಲಿ 67 ಗೆದ್ದಿತು. ಪ್ಲೇಆಫ್ ಮೊದಲ ಸುತ್ತಿನಲ್ಲೇ ಎಂಟನೇ ಸ್ಥಾನದ ಗೋಲ್ಡನ್ ಸ್ಟೇಟ್ ತಂಡದ ಎದುರು ಮಣ್ಣು ಮುಕ್ಕಿತು. ಕೊನೇ ಪಂದ್ಯದಲ್ಲಿ ನೊವಿಟ್ಸ್ಕಿ ಗಳಿಸಿದ್ದು ಬರೀ 8 ಅಂಕ. ಸಿಟ್ಟಿನಲ್ಲಿ ಕಸದ ಡಬ್ಬಿ ಎಸೆದು ಗೋಡೆಯಲ್ಲಿ ತೂತು ಮಾಡಿದ. ಎದುರಾಳಿಯ ಆ ಕ್ರೀಡಾಂಗಣದವರು ತೂತನ್ನು ಮುಚ್ಚಲಿಲ್ಲ, ಆಮೇಲೆ ಅವನ ಕೈಯಿಂದಲೇ ಅದಕ್ಕೆ ಸಹಿ ಹಾಕಿಸಿಕೊಂಡರು! ಸೋತ ಮೇಲೆ ಆ ಸೀಸನ್ನಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿ ಬಂತು. ತಲೆ ತಗ್ಗಿಸಿಕೊಂಡು ತೆಗೆದುಕೊಂಡು, ಗೆಶ್ವಿಂಡ್ನರ್ ಜೊತೆ ಆಸ್ಟ್ರೇಲಿಯಾದ ಒಳನಾಡಿನ ಬಯಲಿಗೆ ಹೊರಟುಹೋದ.

ಅದೇ 2007ರ ಮಾರ್ಚ್‌ನಲ್ಲಿ ವೆಸ್ಟ್ ಇಂಡೀಸ್‌ನ ಕ್ರಿಕೆಟ್ ವಿಶ್ವಕಪ್‌ನಲ್ಲಿ ನಮ್ಮ ದ್ರಾವಿಡ್ ನಾಯಕರಾಗಿದ್ದ ತಂಡವೂ ಮೊದಲ ಸುತ್ತಿನಲ್ಲೇ ಮನೆಗೆ ಬಂತು. ಊರೂರಲ್ಲಿ ಪ್ರತಿಕೃತಿ ದಹನ. ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಗೆ ನುಗ್ಗಿದರು. ಸೆಪ್ಟೆಂಬರ್ ಹೊತ್ತಿಗೆ ದ್ರಾವಿಡ್ ನಾಯಕತ್ವ ಬಿಟ್ಟರು. 13,288 ಟೆಸ್ಟ್ ರನ್ ಹೊಡೆದ ಮನುಷ್ಯ 2012ರ ಮಾರ್ಚ್‌ನಲ್ಲಿ ನಿವೃತ್ತಿ ಹೇಳಿದ್ದು ಚಿನ್ನಸ್ವಾಮಿ ಕ್ರೀಡಾಂಗಣದ ಪತ್ರಿಕಾಗೋಷ್ಠಿಯಲ್ಲಿ. ಹೆಡ್‌ಮೇಷ್ಟ್ರು ರಿಟೈರ್ ಆದರೂ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವ ನಾಡು ನಮ್ಮದು. ದ್ರಾವಿಡ್‌ಗೆ ತವರಿನಲ್ಲಿ ಬಿಳಿ ಬಟ್ಟೆಯಲ್ಲಿ ಒಂದು ಕೊನೇ ಪಂದ್ಯವಾದರೂ ಆಗಬೇಕಿತ್ತು.

ನೊವಿಟ್ಸ್ಕಿಗೆ ಕಪ್ ಸಿಕ್ಕಿದ್ದು 2011ರಲ್ಲಿ, ಅದೇ ಮಯಾಮಿ ಎದುರು. ಎಡಗೈ ಬೆರಳಿಗೆ ಪೆಟ್ಟು, ನಾಲ್ಕನೇ ಪಂದ್ಯಕ್ಕೆ ಜ್ವರ ಬೇರೆ. ಗೆದ್ದ ಕೂಡಲೇ ಕುಣಿಯಲಿಲ್ಲ. ಅಳು ಬಂತು ಅಂತ ಒಳಗೆ ಓಡಿಹೋದ. ಕಪ್ ತೆಗೆದುಕೊಳ್ಳಲು ಅವನನ್ನು ಹೊರಗೆ ಕರೆತರಬೇಕಾಯಿತು.

ಆಮೇಲಿನ ಎಂಟು ವರ್ಷ ಮತ್ತೆ ಕಪ್ಪಿಲ್ಲ. 2014ರಲ್ಲಿ ಬೇರೆ ತಂಡಗಳು ದೊಡ್ಡ ದುಡ್ಡು ಹಿಡಿದು ನಿಂತಿದ್ದರೂ 3 ವರ್ಷಕ್ಕೆ 25 ಮಿಲಿಯನ್ ಡಾಲರ್‌ಗೆ ಇಲ್ಲೇ ಉಳಿದ. ಕೊನೇ ಸೀಸನ್ನಿಗೆ ಮೊದಲು ಕಣಕಾಲಿನ ಆಪರೇಷನ್ ಆಗಿ ಸರಿಯಾಗಿ ಓಡಲೂ ಆಗುತ್ತಿರಲಿಲ್ಲ, ತಂಡ 49 ಪಂದ್ಯ ಸೋತಿತು. ಜನ ಮಾತ್ರ ಅವನ ಕೈಗೆ ಚೆಂಡು ಸಿಕ್ಕಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. 2019ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ಪಂದ್ಯ ಮುಗಿಯಲು ಕೆಲವೇ ಸೆಕೆಂಡ್ ಇದ್ದಾಗ ಎದುರಾಳಿ ಕೋಚ್ ಡಾಕ್ ರಿವರ್ಸ್ ಟೈಮ್‌ಔಟ್ ತೆಗೆದುಕೊಂಡರು. ತಂತ್ರ ಹೇಳಿಕೊಡಲು ಅಲ್ಲ. ಮೈಕ್ ಹಿಡಿದು, ಇವನಿಗೆ ಚಪ್ಪಾಳೆ ಹೊಡೆಯಿರಿ ಅಂತ ತಮ್ಮ ಊರಿನ ಜನಕ್ಕೇ ಹೇಳಿದರು. ಏಪ್ರಿಲ್ 9ರಂದು ಡಾಲಸ್‌ನಲ್ಲಿ ತವರಿನ ಜನರ ಮುಂದೆ ಅವನ ಕೊನೇ ಆಟ, 40 ದಾಟಿದವನು 30 ಅಂಕ ಹೊಡೆದ. ಈಗ ಕ್ರೀಡಾಂಗಣದ ಪಕ್ಕದ ರಸ್ತೆಗೂ ಅವನದೇ ಹೆಸರು.

ಹಾಗಂತ ನಮ್ಮವರಿಗೆ ತಾಳ್ಮೆಯೇ ಇಲ್ಲ ಅನ್ನಲಾರೆ, ಆರ್‌ಸಿಬಿ ಅಡ್ಡ ಬರುತ್ತದೆ. 2008ರಿಂದ ಪ್ರತಿ ವರ್ಷ ಆಸೆಪಟ್ಟು, "ಈ ಸಲ ಕಪ್ ನಮ್ದೇ" ಅಂತ ಹೇಳಿಕೊಂಡು, ಬೈಸಿಕೊಂಡು, ಮೀಮ್ ತಿಂದು, 2025ರ ಜೂನ್ 3ರ ತನಕ ಕಾದ ಜನ ನಾವು. ಕೊಹ್ಲಿಯೂ ಅಷ್ಟೂ ವರ್ಷ ಒಂದೇ ತಂಡ. ಭಾವನೂ ಅದೇ ಗುಂಪಿನವರು, ಪ್ರತಿಮೆ ನೋಡುವಾಗ ಅದು ಮರೆತುಹೋಗಿತ್ತು ಅಷ್ಟೇ. ಗೆದ್ದ ಮರುದಿನ ಚಿನ್ನಸ್ವಾಮಿ ಮುಂದೆ 11 ಜನ ಸತ್ತದ್ದು ನೆನಪಾದರೆ ಮಾತ್ರ ಈ ಮಾತನ್ನು ಪೂರ್ತಿ ಖುಷಿಯಿಂದ ಆಡಲು ಆಗುವುದಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಈ ನಿಷ್ಠೆಯೆಲ್ಲ ಜನರದ್ದು, ತಂಡ ನಡೆಸುವ ಆಫೀಸಿನದ್ದಲ್ಲ. ನೊವಿಟ್ಸ್ಕಿಯ ಜಾಗ ತುಂಬಿದ ಲೂಕಾ ಡಾನ್ಸಿಚ್ 2024ರಲ್ಲಿ ತಂಡವನ್ನು ಫೈನಲ್ಸ್‌ಗೆ ಕರೆದೊಯ್ದಿದ್ದ. 2025ರ ಫೆಬ್ರವರಿಯ ಒಂದು ರಾತ್ರಿ ಬೇರೆ ಆಟಗಾರನಿಗೆ ಬದಲಾಗಿ ಅವನನ್ನು ಸುಮ್ನೆ ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡಕ್ಕೆ ಕೊಟ್ಟುಬಿಟ್ಟರು. ಮರುದಿನ ಜನ ಶವಪೆಟ್ಟಿಗೆ ಹೊತ್ತುಕೊಂಡು ಬಂದು ಕ್ರೀಡಾಂಗಣದ ಮುಂದೆ ಇಟ್ಟರು, ಥೇಟ್ ನಮ್ಮ ಅಣಕು ಶವಯಾತ್ರೆ. ಅಷ್ಟು ದೂರದಲ್ಲಿ ಅದು ನೋಡಿ ನನಗೆ ಊರಿಗೆ ಹೋದ ಹಾಗಾಯಿತು. ಒಂದೇ ವ್ಯತ್ಯಾಸ, ಇವರು ಅತ್ತದ್ದು ಸೋತದ್ದಕ್ಕಲ್ಲ, ಹುಡುಗನನ್ನು ಕಳಿಸಿದ್ದಕ್ಕೆ. ಈ ವ್ಯಾಪಾರ ಮಾಡಿದ ತಂಡದ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಅದೇ ವರ್ಷ ನವೆಂಬರ್‌ನಲ್ಲಿ ಕೆಲಸ ಕಳೆದುಕೊಳ್ಳುವ ತನಕ ಪಂದ್ಯದಲ್ಲೆಲ್ಲ ಅವನ ವಿರುದ್ಧ ಕೂಗಿದರು. ಈಗ ಕೂಪರ್ ಫ್ಲ್ಯಾಗ್ ಬಂದಿದ್ದಾನೆ, ಹದಿನೆಂಟಕ್ಕೇ ಡ್ರಾಫ್ಟ್‌ನ ಮೊದಲ ಆಯ್ಕೆಯಾದ ಹುಡುಗ. ಸೋಲುವುದಕ್ಕೆ ಅವನಿಗೆ ಎಷ್ಟು ವರ್ಷ ಕೊಡುತ್ತಾರೋ ನೋಡಬೇಕು.