ಉಕ್ಕಿನ ಲೋಟ ಅಂತ ಯಾರೂ ಅನ್ನುವುದಿಲ್ಲ

ನಮ್ಮ ಮನೆಯಲ್ಲಿ ಉಕ್ಕಿನ ಮಾತು ದಿನಕ್ಕೆರಡು ಸಲ ಬರುತ್ತದೆ. ಎರಡು ಸಲವೂ ಹಾಲಿನ ವಿಷಯಕ್ಕೆ. "ಉಕ್ಕತ್ತೆ ನೋಡೋ!" ಎಂದು ಅಮ್ಮ ದೇವರಮನೆಯಿಂದಲೇ ಕೂಗುತ್ತಾಳೆ. ನಾನು ಓಡಿಬಂದು ಒಲೆ ಆರಿಸುವಷ್ಟರಲ್ಲಿ ಅದು ಉಕ್ಕಿಯಾಗಿರುತ್ತದೆ. ಪಾತ್ರೆಯೂ ಉಕ್ಕಿನದೇ, ಆದರೆ ಹಾಗಂತ ಯಾರೂ ಅನ್ನುವುದಿಲ್ಲ. ಸ್ಟೀಲ್ ಪಾತ್ರೆ, ಸ್ಟೀಲ್ ಲೋಟ, ಸ್ಟೀಲ್ ಡಬ್ಬಿ. ಪಾತ್ರೆ ಅಂಗಡಿಗೆ ಹೋಗಿ "ಅರ್ಧ ಡಜನ್ ಉಕ್ಕಿನ ಲೋಟ ಕೊಡಿ" ಎಂದು ಕೇಳಿ ನೋಡಿ, ನಾಟಕ ಕಂಪನಿಯವರು ಬಂದರು ಅಂದುಕೊಂಡಾರು. ಕನ್ನಡದಲ್ಲಿ ಉಕ್ಕನ್ನು ನಾವು ಸರ್ದಾರ್ ಪಟೇಲರಿಗೂ ಭದ್ರಾವತಿಯ ಕಾರ್ಖಾನೆಗೂ ಬಿಟ್ಟುಕೊಟ್ಟು ಕೈತೊಳೆದುಕೊಂಡಿದ್ದೇವೆ.

ನಾವು ಬಿಟ್ಟದ್ದನ್ನು ಇಂಗ್ಲಿಷರು ಇಟ್ಟುಕೊಂಡರು, ಆದರೆ ಕೆಡಿಸಿ ಇಟ್ಟುಕೊಂಡರು. 1794ರಲ್ಲಿ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಇಲ್ಲಿನ ಉಕ್ಕಿನ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ರಾಯಲ್ ಸೊಸೈಟಿಯಲ್ಲಿ ಪ್ರಬಂಧವನ್ನೇ ಮಂಡಿಸಿದ. ಅಲ್ಲಿ ಅದರ ಹೆಸರು 'ವೂಟ್ಸ್'. ಉಕ್ಕು ಎನ್ನುವುದೇ ಯಾರದೋ ಕಿವಿಯಲ್ಲೋ ಕೈಬರಹದಲ್ಲೋ ಹೀಗಾಯಿತು ಎಂದು ಬಹಳ ಜನ ವಿದ್ವಾಂಸರು ಹೇಳುತ್ತಾರೆ. ಇವತ್ತಿಗೂ ಲೋಹಶಾಸ್ತ್ರದ ಪುಸ್ತಕಗಳಲ್ಲಿ ಅದು ವೂಟ್ಸೇ. ಮನೆಯ ಮಗು ವಿದೇಶಕ್ಕೆ ಹೋಗಿ, ಹೆಸರು ತಿದ್ದಿಸಿಕೊಂಡು, ದೊಡ್ಡ ಕೆಲಸ ಹಿಡಿದ ಹಾಗೆ.

ಅದನ್ನು ಮಾಡುತ್ತಿದ್ದ ಬಗೆಯನ್ನು ಫ್ರಾನ್ಸಿಸ್ ಬುಕಾನನ್ 1800ರ ಸುಮಾರಿಗೆ ಮೈಸೂರು ಸೀಮೆ ಸುತ್ತುವಾಗ ಕೂತು ನೋಡಿ ಬರೆದಿಟ್ಟ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತೂಕ ಮಾಡಿದ ತಂಗಡಿ ಕಡ್ಡಿ, ಮೇಲೆರಡು ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ, ಇದ್ದಿಲ ಕುಲುಮೆಯಲ್ಲಿಟ್ಟು ತಿದಿ ಒತ್ತಬೇಕು. ಕಡ್ಡಿಯೂ ಎಲೆಯೂ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಇಳಿದರೆ ಉಕ್ಕು. ಅಡುಗೆ ಪುಸ್ತಕ ಓದಿದಂತಾಗುತ್ತದೆ ನನಗೆ. ಒಗ್ಗರಣೆಗೆ ಎರಡೆಸಳು ಕರಿಬೇವು ಅನ್ನುವುದಕ್ಕೂ ಇದಕ್ಕೂ ಎಷ್ಟು ದೂರ?

ಮುಂದೆ ವಿದ್ಯುತ್ತಿನಿಂದ ಹೆಸರಾದ ಮೈಕೆಲ್ ಫ್ಯಾರಡೆ 1819ರ ಹೊತ್ತಿಗೆ ಸ್ಟೋಡಾರ್ಟ್ ಎಂಬ ಚಾಕು-ಕತ್ತರಿ ಮಾಡುವವನ ಜೊತೆ ಸೇರಿ ಈ ವೂಟ್ಸನ್ನು ಲಂಡನ್ನಿನಲ್ಲೇ ಕರಗಿಸಲು ಹೊರಟ. ಗುಟ್ಟು ಸರಿಯಾಗಿ ಸಿಗಲಿಲ್ಲ. ಸಿಗಲಿಲ್ಲವೆಂದು ಸುಮ್ಮನಿರದೆ ಉಕ್ಕಿಗೆ ನಿಕ್ಕಲ್, ಬೆಳ್ಳಿ, ಪ್ಲಾಟಿನಂ, ಕ್ರೋಮಿಯಂ ಎಲ್ಲ ಬೆರೆಸಿ ನೋಡಿದ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಸವೆಯದಿರಲೆಂದು ಹುಡುಕುತ್ತ ಕ್ರೋಮಿಯಂ ಹೆಚ್ಚಾಗಿ ಸೇರಿದ, ತುಕ್ಕು ಹಿಡಿಯದ ಉಕ್ಕಿಗೆ ಬಂದು ಮುಟ್ಟಿದ. ಬಂದೂಕಿಗೆಂದು ಹೊರಟದ್ದು ನಮ್ಮ ಕಾಫಿ ಲೋಟಕ್ಕೆ ಬಂದು ನಿಂತಿತು. ನನಗೇನೂ ಬೇಸರವಿಲ್ಲ.

ಇದನ್ನೆಲ್ಲ ನನ್ನ ತಲೆಗೆ ತುಂಬಿದವನು ಅಕ್ಕನ ಮಗ. ಸುರತ್ಕಲ್ಲಿನಲ್ಲಿ ಲೋಹಶಾಸ್ತ್ರದ ಇಂಜಿನಿಯರಿಂಗ್ ಓದುತ್ತಾನೆ. ಹೋದ ರಜೆಯಲ್ಲಿ ಬಂದಾಗ ನಾನೂ ಸ್ವಲ್ಪ ಪಾಂಡಿತ್ಯ ತೋರಿಸೋಣವೆಂದು, "ಕಬ್ಬಿಣ ಅನ್ನೋದು ಹಳೆಗನ್ನಡದಲ್ಲಿ ಕರ್ಬುನ. ಕರ್ ಅಂದರೆ ಕಪ್ಪು, ಪೊನ್ ಅಂದರೆ ಲೋಹ. ಕರ್ಬೊನ್!" ಎಂದೆ. ಅವನು ಅರ್ಧ ನಿಮಿಷ ನಕ್ಕ. "ಮಾಮ, ಕಬ್ಬಿಣಕ್ಕೆ ಕಾರ್ಬನ್ ಸೇರಿಸಿದರೆ ಸ್ಟೀಲು. ನೀವು ಕಬ್ಬಿಣವನ್ನೇ ಕಾರ್ಬನ್ ಮಾಡಿಬಿಟ್ರಿ." ಎರಡು ಪದಕ್ಕೂ ಸಂಬಂಧವಿಲ್ಲ ಎಂದು ನನಗೂ ಗೊತ್ತು. ಆದರೂ ಆ ಪ್ರಾಸವನ್ನು ಬಿಡಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಅಮ್ಮ ಫ್ರಿಜ್ಜಿನ ಬಾಗಿಲಿನಿಂದ ತಿರುಪತಿ ಮ್ಯಾಗ್ನೆಟ್ಟು ಕಿತ್ತುಕೊಂಡು, ಒಂದು ಡಬರಿಯನ್ನೂ ಹಿಡಿದು ಬಂದಳು. ಹಳೇ ಬಟ್ಟೆಗೆ ಪಾತ್ರೆ ಕೊಡುವವಳಿಂದ ತಗೊಂಡದ್ದು. ಒಳ್ಳೇ ಸ್ಟೀಲಿಗೆ ಮ್ಯಾಗ್ನೆಟ್ ಅಂಟಬಾರದು ಎನ್ನುವುದು ಅವಳ ಶಾಸ್ತ್ರ. ಡಬರಿಯ ತಳಕ್ಕೆ ಅದು ಅಂಟುತ್ತಿರಲಿಲ್ಲ, ಮಡಚಿದ ಅಂಚಿನ ಹತ್ತಿರ ಮಾತ್ರ ಮೆಲ್ಲಗೆ ಎಳೆಯುತ್ತಿತ್ತು.

ಹುಡುಗ ಹುರುಪಿನಿಂದ ಎದ್ದು ಕೂತ. "ಅಜ್ಜಿ, ಇದು ಹದಿನೆಂಟು-ಎಂಟೇ ಇರಬಹುದು. ಅಂದ್ರೆ ನೂರಕ್ಕೆ ಹದಿನೆಂಟು ಕ್ರೋಮಿಯಂ, ಎಂಟು ನಿಕ್ಕಲ್. ಅದಕ್ಕೆ ಮ್ಯಾಗ್ನೆಟ್ ಅಂಟಲ್ಲ. ಆದ್ರೆ ತಣ್ಣಗಿರೋವಾಗಲೇ ಬಗ್ಗಿಸಿ ಒತ್ತಿದರೆ ಆ ಜಾಗದಲ್ಲಿ ಒಳಗಿನ ಅಣುಗಳ ಜೋಡಣೆ ಬದಲಾಗತ್ತೆ. ಅದಕ್ಕೇ ಅಂಚಲ್ಲಿ ಮಾತ್ರ ಎಳೀತಿದೆ. ಮೋಸ ಅಂತ ಹೇಳಕ್ಕಾಗಲ್ಲ."

ಅಮ್ಮ ಡಬರಿಯನ್ನು ತಿರುಗಿಸಿ, ಅಂಚಿಗೆ ಇನ್ನೊಮ್ಮೆ ತಿಮ್ಮಪ್ಪನನ್ನು ಹಿಡಿದಳು. ತಿಮ್ಮಪ್ಪ ಇನ್ನೊಮ್ಮೆ ಎಳೆದ.

"ಅಣುಗಳು ಬದಲಾಗ್ಲಿ ಕಣೋ, ನಂದೇನೂ ಅಭ್ಯಂತರ ಇಲ್ಲ," ಎಂದಳು. "ಆದ್ರೆ ಇದಕ್ಕೆ ಎರಡು ಜರಿ ಸೀರೆ ಕೊಟ್ಟಿದೀನಿ ನಾನು."