ಅಸಲಿ ತುಕ್ಕು ಮಾರಾಟಕ್ಕಿದೆ

ಮ್ಯೂಸಿಯಂನಲ್ಲಿಡುವಂಥ ಹಳೆ ಅಂಬಾಸಿಡರ್ ಮಾರ್ಕ್ 2 ಕಾರು ಮಾರಾಟಕ್ಕಿದೆಯಂತೆ, ಫೋಟೋ ಸಮೇತ ಜಾಹೀರಾತು ಫೋನಿಂದ ಫೋನಿಗೆ ಓಡಾಡುತ್ತಿದೆ. ಆ ಫೋಟೋ ಬಾರದ ಫೋನು ದಾವಣಗೆರೆಯಲ್ಲಿ ಉಳಿದಿಲ್ಲ. ಬೆಳಗ್ಗೆ ಬೆಣ್ಣೆದೋಸೆ ಹೋಟೆಲಿನಲ್ಲಿ ಹೊರಟದ್ದು ಸಂಜೆ ಮಂಡಕ್ಕಿ-ಮಿರ್ಚಿ ಅಂಗಡಿ ಮುಟ್ಟುವಷ್ಟರಲ್ಲಿ ಆ ಕಾರಿನಲ್ಲಿ ಯಾವ್ಯಾವ ಮಂತ್ರಿಗಳು ಕೂತಿದ್ದರು ಎಂಬ ಪಟ್ಟಿಯೂ ಸೇರಿಕೊಂಡಿತ್ತು. ರಿಪೇರಿ ಮಾಡಿಲ್ಲ, ಬಣ್ಣ ಹಚ್ಚಿಲ್ಲ, ಇದ್ದದ್ದು ಇದ್ದ ಹಾಗೆ, ಇದೇ ಅದರ ಹೆಗ್ಗಳಿಕೆ. ಬೆಲೆ ಮಾತ್ರ ಬರೆದಿಲ್ಲ. ಬೆಲೆ ಕೇಳುವವನಿಗೆ ಪರಂಪರೆಯ ಗಂಧ ಇಲ್ಲ ಅಂತ ಅರ್ಥ.

ಮಾರುವವರ ಸಂಯಮಕ್ಕೆ ನಮಸ್ಕಾರ ಹೇಳಲೇಬೇಕು. ವರ್ಷಗಟ್ಟಲೆ ಗಾಡಿ ಮನೆಯಲ್ಲಿದ್ದರೂ ಎಂಜಿನ್ ಆಯಿಲ್ ಬದಲಿಸುವ ಚಪಲಕ್ಕೆ ಬೀಳಲಿಲ್ಲ. ಟೈರು ನೆಲ ಹಿಡಿದರೂ ಜ್ಯಾಕ್ ಕೊಡಲಿಲ್ಲ. ವೈರಿಂಗ್ ಕಡಿಯುತ್ತಿದ್ದ ಇಲಿಗಳಿಗೆ ಒಂದು ಮಾತೂ ಅನ್ನಲಿಲ್ಲ. ಇಷ್ಟೆಲ್ಲ ಮಾಡದೆ ಇದ್ದದ್ದಕ್ಕೆ ಈಗ ಸಂಭಾವನೆ ಕೇಳುತ್ತಿದ್ದಾರೆ, ತಪ್ಪೇನು?

ನ್ಯಾಯವಾಗಿ ಹೇಳಬೇಕೆಂದರೆ, ಕಾರ್ಖಾನೆಯ ಬಣ್ಣ, ಮೊದಲಿನ ಸೀಟು, ಮೊದಲಿನ ಗಾಜು, ಆರ್‌ಸಿಗೆ ತಾಳೆಯಾಗುವ ಎಂಜಿನ್ ನಂಬರು ಉಳಿದಿರುವ ಗಾಡಿಗೆ ಹೊಸದಾಗಿ ಬಣ್ಣ ಬಳಿದ ಗಾಡಿಗಿಂತ ಹೆಚ್ಚು ಬೆಲೆ ಕೊಡುವುದು ಸರಿಯೇ. ಬಣ್ಣ ಮಾಸುವುದು ಬೇರೆ, ತಳ ಉದುರುವುದು ಬೇರೆ. ಜಾಹೀರಾತಿನಲ್ಲಿ ಎರಡಕ್ಕೂ ಒಂದೇ ಫೋಟೋ.

ಅಂಬಾಸಿಡರ್‌ಗೆ ಜೀಪಿನ ಹಾಗೆ ಪ್ರತ್ಯೇಕ ಚಾಸಿ, ಅಂದರೆ ತಳದ ಚೌಕಟ್ಟು, ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೂ ಇರುವ ತಗಡಿನ ಪಟ್ಟಿ, ಅಂದರೆ ಸಿಲ್, ಹೋಯಿತೆಂದರೆ ಸೊಂಟವೇ ಹೋಯಿತು. ಮುಂದಿನ ಗಾಜಿನ ರಬ್ಬರ್ ಒಣಗಿ ಸೀಳಿದರೆ ಮಳೆನೀರು ಮ್ಯಾಟಿನಡಿ ಇಳಿಯುತ್ತದೆ. ಸಿಲ್ಲಿನ ನೀರು ಹೋಗುವ ತೂತಿಗೆ ಮಣ್ಣು ಮೆತ್ತಿಕೊಂಡಿರುತ್ತದೆ, ಹೀಗಾಗಿ ಒಳಗಿಂದ ಕೊಳೆಯುತ್ತದೆ, ಹೊರಗೆ ಕಾಣುವುದಿಲ್ಲ. ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿ ನೋಡಿ, ಹಪ್ಪಳದಂತೆ ಮುರಿದರೆ ಅಲ್ಲಿಗೆ ಮಾತುಕತೆ ಮುಗಿಸಬಹುದು. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗಕ್ಕೂ ಇದೇ ಪರೀಕ್ಷೆ. ತೆಳು ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಬಾಡಿಯ ಮೇಲೆ ಆಡಿಸಿ. ಹಿಡಿಯದ ಕಡೆ ಪುಟ್ಟಿ ಇದೆ. ಅಂದರೆ ರಿಪೇರಿ ಮಾಡಿಲ್ಲ ಎಂಬ ಹೆಗ್ಗಳಿಕೆಯೂ ಸುಳ್ಳು. ಒಂದು ಬದಿಗೆ ಜ್ಯಾಕ್ ಕೊಟ್ಟು ಆ ಬದಿಯ ಬಾಗಿಲು ತೆರೆದು ಮುಚ್ಚಿ ನೋಡಿ. ಬಾಗಿಲು ಹಿಡಿದುಕೊಂಡರೆ ಬಾಡಿ ಬಾಗಿದೆ.

ಎಂಜಿನ್ನು ‘ಸ್ವಲ್ಪ ಜಾಮ್ ಇದೆ ಅಷ್ಟೇ ಅಣ್ಣಾ’ ಅನ್ನುತ್ತಾರೆ. 1489 ಸಿಸಿಯ ಗಟ್ಟಿ ಜೀವ, ನಿಜ. ಆದರೆ ಖುಷಿಯಲ್ಲಿ ನಾಲ್ಕು ಜನ ಸೇರಿ ತಳ್ಳಿ, ಗೇರ್ ಹಾಕಿ ಎಳೆಸಿದರೆ ಪಿಸ್ಟನ್ ರಿಂಗ್ ಮುರಿಯುತ್ತದೆ, ಅಂಟಿಕೊಂಡ ವಾಲ್ವನ್ನು ತೆರೆಸುವ ಕಡ್ಡಿ, ಅಂದರೆ ಪುಶ್‌ರಾಡ್, ಬಾಗುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಅರ್ಧ ಡೀಸೆಲ್ ಅರ್ಧ ಎಂಜಿನ್ ಆಯಿಲ್ ಬೆರೆಸಿ ಪ್ಲಗ್ಗಿನ ತೂತುಗಳಿಗೆ ಎರಡೆರಡು ಚಮಚ ಸುರಿದು, ಎರಡು ಮೂರು ದಿನ ಸುಮ್ಮನಿರಬೇಕು. ಆಮೇಲೆ ಎಂಜಿನ್ನಿನ ಮುಂದಿರುವ ಕ್ರ್ಯಾಂಕ್ ಪುಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಮೆಲ್ಲಗೆ ಅಲುಗಿಸಬೇಕು. ತಿರುಗಿತೇ? ಹಳೆ ಆಯಿಲ್ ಇಳಿಸಿ, ಹೊಸದು ಹಾಕಿ, ಪ್ಲಗ್ ಇಲ್ಲದೆಯೇ ತಿರುಗಿಸಿ ಆಯಿಲ್ ಪ್ರೆಶರ್ ಬಂದ ಮೇಲೆ ಮುಂದಿನ ಮಾತು. ಬ್ರೇಕಿನ ವಿಷಯದಲ್ಲಂತೂ ಮೊದಲಿನದೇ ಇರಲಿ ಎಂಬ ಭಕ್ತಿ ಬೇಡ. ಬ್ರೇಕ್ ಆಯಿಲ್ ನೀರು ಹೀರಿಕೊಂಡು ಚಕ್ರದ ಬಳಿ ಬ್ರೇಕ್ ಒತ್ತುವ ವೀಲ್ ಸಿಲಿಂಡರ್‌ಗಳಿಗೆ ತುಕ್ಕು ಹಿಡಿಸಿರುತ್ತದೆ. ಹಳೆ ಹೋಸು ಒಳಗೇ ಊದಿಕೊಂಡಿದ್ದರೆ ಪೆಡಲ್ ಬಿಟ್ಟರೂ ಚಕ್ರ ಬಿಡುವುದಿಲ್ಲ.

ತುಕ್ಕಿಗೇ ಬೆಲೆಯಾದರೆ ನಮ್ಮ ಪೊಲೀಸ್ ಠಾಣೆಗಳಿಗಿಂತ ಶ್ರೀಮಂತ ಮ್ಯೂಸಿಯಂ ಎಲ್ಲಿದೆ? ದಾವಣಗೆರೆಯಿರಲಿ, ಚಿತ್ರದುರ್ಗವಿರಲಿ, ಕಾಂಪೌಂಡಿನ ಗಿಡದ ಕೆಳಗೆ ನೋಡಿ. ಬೈಕು, ಆಟೋ, ಮರಳು ಲಾರಿ, ಟ್ರ್ಯಾಕ್ಟರ್ ಟ್ರೇಲರ್. ಯಾರೂ ಮುಟ್ಟಿಲ್ಲ, ಬಣ್ಣ ಹಚ್ಚಿಲ್ಲ, ಕೆಲವದರ ಎಂಜಿನ್ ಒಳಗಿಂದ ಗಿಡವೂ ಎದ್ದಿದೆ. ಪ್ರವೇಶ ಉಚಿತ, ಹೊರಗೆ ಬರುವುದೇ ಕಷ್ಟ. ಹೀಗೆ ಠಾಣೆಯಲ್ಲಿ ಗಾಡಿ ಕೊಳೆಸಬೇಡಿ, ಬಾಂಡ್ ಬರೆಸಿಕೊಂಡು, ಫೋಟೋ ತೆಗೆದುಕೊಂಡು ಬೇಗ ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. ಸಾಲದ ಕಂತು ಕಟ್ಟುತ್ತಲೇ ಇರುವವನ ಆಟೋ ಅಲ್ಲಿ ಬಿಸಿಲಲ್ಲಿ ಸಾಯುತ್ತದೆ. ಅದರ ಫೋಟೋ ಯಾರೂ ಕಳಿಸುವುದಿಲ್ಲ. ಬಿಡಿಭಾಗ ಕೆತ್ತಬಲ್ಲ ಲೇತ್ ಮಾಡುತ್ತಿದ್ದ ಹರಿಹರದ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿತು, ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಇವತ್ತು ಒಂದು ಕಾರಿನ ತುಕ್ಕಿಗೆ ಪರಂಪರೆ ಅಂತ ಕಣ್ಣೊರೆಸಿಕೊಳ್ಳುತ್ತಿರುವ ಊರು ಆಗ ಎಲ್ಲಿ ಹೋಗಿತ್ತು? ಸಾಕಾಗಿದೆ.

ಇರಲಿ, ಕೊಂಡೇ ತೀರುತ್ತೇನೆ ಎನ್ನುವವರಿಗೆ ಕಾನೂನಿನ ಕೃಪೆಯೂ ಇದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಗೆ ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿಯಲ್ಲಿ ವಿಂಟೇಜ್ ಪಟ್ಟ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಬಾಳಿಕೆ, ನವೀಕರಣಕ್ಕೆ 5,000. ನಂಬರಿನ ನಡುವೆ ‘ವಿಎ’ ಬರುತ್ತದೆ. ಷರತ್ತು ಏನೆಂದರೆ ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸುವ ದೊಡ್ಡ ಓವರ್‌ಹಾಲ್ ಆಗಿರಬಾರದು. ಕೊಳೆತ ಸಿಲ್ ಕತ್ತರಿಸಿ ಬೆಸುಗೆ ಹಾಕಿಸಿದರೆ ‘ಇದು ಮಾರ್ಪಾಡು’ ಎನ್ನುವ ಅಧಿಕಾರಿ, ಹಾಕಿಸದಿದ್ದರೆ ‘ಇದು ಅಪಾಯ’ ಎನ್ನುವ ಅಧಿಕಾರಿ, ಇಬ್ಬರೂ ಒಂದೇ ಕೋಣೆಯಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ.

ನೋಂದಣಿಯಾದ ಮೇಲೆ ದಿನಬಳಕೆಗೆ ಓಡಿಸುವಂತಿಲ್ಲ, ವ್ಯಾಪಾರಕ್ಕೂ ಇಲ್ಲ. ಹಾಗಾಗಿ ಮದುವೆ ಮೆರವಣಿಗೆಗೆ ಹೂ ಕಟ್ಟಿ ಬಾಡಿಗೆ ಬಿಡುವ ಕನಸು ಕಂಡವರು ಹೂವಿನ ಅಡ್ವಾನ್ಸ್ ವಾಪಸ್ ಪಡೆಯಿರಿ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್, ಇಷ್ಟಕ್ಕೆ ರಸ್ತೆಗಿಳಿಯಬಹುದು. ಅಂದರೆ ಪಿ.ಬಿ. ರಸ್ತೆಯ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಬಹುದು, ಮನೆಗೆ ಬರುವಷ್ಟರಲ್ಲಿ ಖರ್ಚಾದದ್ದಕ್ಕೆ ಮತ್ತೆ ಹೋಗಬಹುದು. ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲು. ಅದು ಹಳೆ ರಬ್ಬರ್ ಹೋಸನ್ನೂ ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ರಬ್ಬರ್ ಪೊರೆಯನ್ನೂ ತಿನ್ನುತ್ತದೆ, ಟ್ಯಾಂಕಿನ ಹಳೆ ತುಕ್ಕನ್ನು ಸಡಿಲಿಸಿ ಕಾರ್ಬುರೇಟರಿಗೆ ಕಳಿಸುತ್ತದೆ. ಮೊದಲು ಟ್ಯಾಂಕ್ ಇಳಿಸಿ ತೊಳೆಸಿ, ಹೋಸೆಲ್ಲ ಎಥನಾಲ್ ತಡೆಯುವಂಥದಕ್ಕೆ ಬದಲಿಸಿ, ಕಾರ್ಬುರೇಟರಿಗೆ ಮುಂಚೆ ಒಂದು ಫಿಲ್ಟರ್ ಹಾಕಿಸಿ. ಬಂಕಿಗೆ ಹೊರಡುವಾಗ ಸೀಟಿನಡಿ ಒಂದು ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ, ಅದು ಮಾತ್ರ ಹೊಸದಿರಲಿ.