ಆ ಕಬ್ಬಿನ ಲಾರಿ ಯಾರದು?

ಕಬ್ಬಿನ ಗಾಡಿ ಹಿಂದೆ ಓಡಿ ಒಂದು ಜಲ್ಲೆ ಎಳೆದುಕೊಳ್ಳದೆ ದೊಡ್ಡವನಾದ ಹುಡುಗ ಮಂಡ್ಯ ಕಡೆ ಸಿಗುವುದು ಕಷ್ಟ. ಆಗ ಅದು ಯಾರ ಗಾಡಿ ಅಂತ ನಾವು ಕೇಳಿದವರಲ್ಲ. ಹೋದ ಸೀಸನ್‌ನಿಂದ ನಮ್ಮ ಮನೆಯಲ್ಲಿ ಅದೊಂದೇ ಪ್ರಶ್ನೆ.

ನಮ್ಮ ಭಾವ ರಾತ್ರಿ ಎಂಟೂವರೆ ಸುಮಾರಿಗೆ ಮದ್ದೂರು ಕಡೆಯಿಂದ ಬೈಕಿನಲ್ಲಿ ಊರಿಗೆ ಬರುತ್ತಿದ್ದರು. ತಿರುವಿನಲ್ಲಿ ಟೈರ್ ಸಿಡಿದ ಕಬ್ಬಿನ ಲಾರಿ ನಿಂತಿತ್ತು. ಹಿಂದೆ ಲೈಟಿಲ್ಲ. ರಿಫ್ಲೆಕ್ಟರ್ ಇತ್ತು, ಆದರೆ ಜೋತುಬಿದ್ದ ಸೋಗೆ ಅದನ್ನು ಪೂರ್ತಿ ಮುಚ್ಚಿತ್ತು. ಗುರುತಿಗೆ ಅಂತ ರಸ್ತೆಯಲ್ಲಿ ಎರಡು ಕಲ್ಲು ಇಟ್ಟಿದ್ದರು. ಕತ್ತಲಲ್ಲಿ ಕಲ್ಲು ಯಾರಿಗೆ ಕಾಣುತ್ತೆ? ಭಾವನ ಬಲಗಾಲು ಎರಡು ಕಡೆ ಮುರಿದು ರಾಡ್ ಹಾಕಿದ್ದಾರೆ. ಹೆಲ್ಮೆಟ್ ಇದ್ದಿದ್ದಕ್ಕೆ ಜೀವ ಉಳಿಯಿತು.

ಆಮೇಲೆ ಶುರುವಾಯಿತು ನೋಡಿ ನಮ್ಮ ತಿರುಗಾಟ. ಡ್ರೈವರ್ ಟ್ರಿಪ್ ಲೆಕ್ಕದಲ್ಲಿ ದುಡಿಯುವ ಹುಡುಗ. ಅವನ ಹತ್ತಿರ ಕೇಳುವುದಕ್ಕೇನಿದೆ? ಆರ್‌ಸಿಯಲ್ಲಿ ಹೆಸರಿದ್ದವರು, "ಗಾಡಿ ಮಾರಿ ಎರಡು ವರ್ಷ ಆಯ್ತು, ನನ್ನ ಯಾಕೆ ಎಳೀತೀರಿ" ಅಂದರು. ಕೊಂಡುಕೊಂಡವನು ಗಾಡಿಯನ್ನು ಸಾಗಣೆ ಕಾಂಟ್ರಾಕ್ಟರ್ ಕೈಕೆಳಗೆ ಬಿಟ್ಟಿದ್ದ. ಕಾಂಟ್ರಾಕ್ಟರ್, "ಗಾಡಿ ನಂದಲ್ಲ ಕಣಣ್ಣ, ನಾನು ಗೊತ್ತು ಮಾಡ್ಕೊಟ್ಟೆ ಅಷ್ಟೇ" ಅಂದ. ಕೊನೆಗೆ ಕಾರ್ಖಾನೆಗೆ ಹೋದೆವು. ಕುರ್ಚಿ ಹಾಕಿ, ಕಾಫಿ ಕೊಟ್ಟು, "ಸಾಗಣೆಯೆಲ್ಲ ಗುತ್ತಿಗೆಗೆ ಕೊಟ್ಟಿದ್ದೀವಿ, ನಮಗೂ ಅದಕ್ಕೂ ಸಂಬಂಧ ಇಲ್ಲ" ಅಂದರು. ಇನ್ಶೂರೆನ್ಸ್ ಕಂಪನಿಯವರನ್ನಾದರೂ ಕೇಳೋಣ ಅಂದರೆ ಪಾಲಿಸಿ ಮುಗಿದು ನಾಲ್ಕು ತಿಂಗಳಾಗಿತ್ತು.

ಕಾನೂನು ಏನು ಹೇಳುತ್ತೆ ಅಂತ ವಕೀಲರ ಹತ್ತಿರ ಕೂತು ತಿಳಿದುಕೊಂಡೆ. ಕೆಲಸವನ್ನು ಸ್ವತಂತ್ರ ಗುತ್ತಿಗೆದಾರನಿಗೆ ವಹಿಸಿದರೆ ಅವನ ತಪ್ಪಿಗೆ ವಹಿಸಿದವನು ಸಾಮಾನ್ಯವಾಗಿ ಹೊಣೆಯಲ್ಲ. ಇದು ಹಳೇ ನಿಯಮ. 1988ರ ಮೋಟಾರು ವಾಹನ ಕಾಯ್ದೆ ಹುಡುಕುವುದು ಗಾಡಿಯ ಮಾಲೀಕನನ್ನು. ಮಾಲೀಕ ಅಂದರೆ ಆರ್‌ಸಿಯಲ್ಲಿ ಹೆಸರಿರುವವನು. ಮಾರಿದ್ದರೂ ಹೆಸರು ಬದಲಾಗದಿದ್ದರೆ ಹಳೆಯವನೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದೆ. ಪೆಟ್ಟು ತಿಂದವರು ಯಾರು ಯಾರಿಗೆ ಮಾರಿದರು ಅಂತ ಊರೂರು ಅಲೆಯುವ ಹಾಗಾಗಬಾರದು ಅನ್ನುವುದು ಅದರ ಹಿಂದಿನ ಯೋಚನೆ. ಸರಿಯೇ. (ಗಾಡಿ ಮಾರಿದವರು ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ನಮ್ಮ ಕಡೆ ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಿಸಿ ಕೀ ಕೊಟ್ಟುಬಿಡುತ್ತಾರೆ. ಇದನ್ನು ಓದುತ್ತಿರುವ ನೀವೂ ಹಾಗೇ ಮಾಡಿದ್ದರೆ ನಾಳೆಯೇ ಹೋಗಿ ಹೆಸರು ಬದಲಾಯಿಸಿ.)

ಆದರೆ ಆರ್‌ಸಿಯಲ್ಲಿರುವ ಆ ಮನುಷ್ಯನಿಗೆ ಅರ್ಧ ಎಕರೆ ಜಮೀನಿದೆ, ಅಷ್ಟೇ. ಲಕ್ಷಗಟ್ಟಲೆ ಪರಿಹಾರ ಅಂತ ತೀರ್ಪು ಬಂದರೂ ಎಲ್ಲಿಂದ ತರುತ್ತಾನೆ? ಅವನ ಜಮೀನು ಹರಾಜು ಹಾಕಿಸಿ ನಮ್ಮಕ್ಕ ನೆಮ್ಮದಿಯಾಗಿ ಊಟ ಮಾಡ್ತಾಳಾ?

ನನ್ನ ತಕರಾರು ಇಲ್ಲೇ ಇರುವುದು. ಆ ಲಾರಿ ಮೇಲೆ ನಿಜವಾದ ಹಿಡಿತ ಯಾರದು? ಯಾವ ಗದ್ದೆ ಯಾವ ದಿನ ಕಟಾವು ಅಂತ ಹೇಳುವುದು ಕಾರ್ಖಾನೆ. ಕಾಂಟ್ರಾಕ್ಟರ್‌ಗೆ ಸೀಸನ್ ಮುಂಚೆ ಅಡ್ವಾನ್ಸ್ ಕೊಡುವುದೂ ಕಾರ್ಖಾನೆ. ಕಟಾವು, ಸಾಗಣೆಯ ದುಡ್ಡನ್ನು ರೈತನ ಬಿಲ್ಲಿನಲ್ಲಿ ಹಿಡಿದುಕೊಳ್ಳುವುದೂ ಅದೇ. ಬಾಡಿಗೆ ಟನ್ ಲೆಕ್ಕ, ಹಾಗಾಗಿ ಜಾಸ್ತಿ ತುಂಬಿದಷ್ಟೂ ಲಾಭ. ಜಾಸ್ತಿ ತುಂಬಿದರೆ ಟೈರ್ ಸಿಡಿಯುತ್ತೆ, ಸೋಗೆ ರಸ್ತೆಗೆ ಜೋತುಬೀಳುತ್ತೆ. ಎಷ್ಟು ತುಂಬಿದ್ದಾರೆ ಅಂತ ಕಾರ್ಖಾನೆಗೆ ಗೊತ್ತಿಲ್ಲ ಅನ್ನುವ ಹಾಗೂ ಇಲ್ಲ. ಅವರದೇ ವೇಬ್ರಿಡ್ಜ್ ಪ್ರತಿ ಲೋಡನ್ನೂ ತೂಗಿ ಚೀಟಿ ಕೊಡುತ್ತೆ. ಕಸ, ತರಗು ಅಂತ ರೈತನ ತೂಕದಲ್ಲಿ ಹಿಡಿಯುವಷ್ಟು ಕಣ್ಣು ಸೂಕ್ಷ್ಮ. ಅದೇ ಗೇಟಿನಲ್ಲಿ ನಾಲ್ಕು ತಿಂಗಳು ಇನ್ಶೂರೆನ್ಸ್ ಇಲ್ಲದ ಲಾರಿ ಓಡಾಡಿದ್ದು ಮಾತ್ರ ಕಾಣಲಿಲ್ಲವಂತೆ!

ಕಾನೂನಿನಲ್ಲೇ ಒಂದು ವಿಚಿತ್ರ ಇದೆ. ಓವರ್‌ಲೋಡ್‌ಗೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಆ ದಂಡ ಓಡಿಸಿದವನಿಗೆ ಮಾತ್ರ ಅಲ್ಲ, ಓಡಿಸಲು ಹಚ್ಚಿದವನಿಗೂ, ಸುಮ್ನೆ ಬಿಟ್ಟವನಿಗೂ ಬೀಳುತ್ತೆ. ದಂಡದ ವಿಷಯದಲ್ಲಿ ಹಚ್ಚಿದವನು ಯಾರು ಅಂತ ಕೇಳುವ ಕಾನೂನು, ಕಾಲು ಮುರಿದವನಿಗೆ ಪರಿಹಾರ ಕೊಡುವಾಗ ಆರ್‌ಸಿ ಪುಸ್ತಕ ತೆಗೆದು ಕೂರುತ್ತೆ.

ದಾರಿ ಪೂರ್ತಿ ಮುಚ್ಚಿಲ್ಲ. ರಾಜಸ್ಥಾನದ ಸಾರಿಗೆ ನಿಗಮ ಖಾಸಗಿಯವರ ಬಸ್ಸನ್ನು ಬಾಡಿಗೆಗೆ ತೆಗೆದುಕೊಂಡು ಓಡಿಸುತ್ತಿತ್ತು. ಡ್ರೈವರ್ ಬಸ್ಸಿನ ಮಾಲೀಕನ ಕಡೆಯವನು, ಕಂಡಕ್ಟರ್ ನಿಗಮದವನು. ಅಪಘಾತವಾದಾಗ ನಿಗಮ "ಡ್ರೈವರ್ ನಮ್ಮ ನೌಕರನಲ್ಲ" ಅಂದಿತು. 1997ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬಸ್ಸು ನಿಗಮದ ಹಿಡಿತದಲ್ಲಿತ್ತು, ಹೊಣೆಯೂ ನಿಗಮದ್ದೇ ಅಂದಿತು. ಅಮೆರಿಕದಲ್ಲೂ ಇದೇ ಜಗಳವಂತೆ. ಅಲ್ಲಿನ ಸಾಗಣೆ ಕಂಪನಿಗಳು ಡ್ರೈವರ್‌ಗಳನ್ನು ಸ್ವತಂತ್ರ ಗುತ್ತಿಗೆದಾರರು ಅಂತ ಬರೆಸಿಕೊಳ್ಳುತ್ತವೆ. ಆದರೆ ಟ್ರಕ್ಕನ್ನು ಲೀಸ್‌ಗೆ ತೆಗೆದುಕೊಂಡ ಕಂಪನಿ ಅದರ ಪೂರ್ತಿ ಜವಾಬ್ದಾರಿ ಹೊರಬೇಕು ಅಂತ ಅಲ್ಲಿನ ಕೇಂದ್ರ ಸರ್ಕಾರದ ನಿಯಮವೇ ಇದೆ.

ನಮ್ಮ ವಕೀಲರು ಜಾಸ್ತಿ ಆಸೆ ಹುಟ್ಟಿಸುವವರಲ್ಲ. "ಬಸ್ಸಿನಲ್ಲಿ ನಿಗಮದ ಕಂಡಕ್ಟರ್ ಇದ್ದ, ನಿಮ್ಮ ಲಾರಿಯಲ್ಲಿ ಕಾರ್ಖಾನೆಯವರು ಯಾರಿದ್ದರು?" ಅಂತ ಮೊದಲ ದಿನವೇ ಕೇಳಿದರು. ನಿಂತ ಗಾಡಿಗೆ ಹಿಂದಿನಿಂದ ಗುದ್ದಿದ್ದರಿಂದ ಭಾವನ ತಪ್ಪೂ ಇದೆ ಅಂತ ಎದುರಿನವರು ವಾದಿಸುತ್ತಾರೆ, ಪರಿಹಾರ ಅಷ್ಟು ಕಡಿಮೆಯಾಗಬಹುದು ಅಂತಲೂ ಹೇಳಿದ್ದಾರೆ.

ಕಾರ್ಖಾನೆ ಮೇಲೆ ಹೊಣೆ ಹಾಕಿದರೆ ಅದನ್ನೂ ರೈತನ ಬಿಲ್ಲಿನಲ್ಲೇ ಹಿಡಿಯುತ್ತಾರೆ ಅಂತ ನಮ್ಮ ಚಿಕ್ಕಪ್ಪ ಸಿಟ್ಟಾಗುತ್ತಾರೆ. ಅವರೂ ಕಬ್ಬು ಬೆಳೆಯುವವರೇ. ಭಯ ಸುಳ್ಳಲ್ಲ. ಆದರೆ ನಾನು ಕೇಳುತ್ತಿರುವುದಕ್ಕೆ ಖರ್ಚೇನಿದೆ? ಇನ್ಶೂರೆನ್ಸ್, ಎಫ್‌ಸಿ (ಗಾಡಿ ರಸ್ತೆಗಿಳಿಯಲು ಯೋಗ್ಯ ಅನ್ನುವ ಸರ್ಟಿಫಿಕೇಟು), ಹಿಂದಿನ ಲೈಟು. ಇಷ್ಟು ನೋಡಿ ಗೇಟ್ ತೆಗೆಯಿರಿ. ಇಲ್ಲದಿದ್ದರೆ ವಾಪಸ್ ಕಳಿಸಿ. ಗೇಟ್‌ಪಾಸ್ ಕೊಟ್ಟ ಮೇಲೆ ಸಂಬಂಧ ಇಲ್ಲ ಅನ್ನಬೇಡಿ.

ಯಾರಿಗಾದರೂ ಇಂಥ ಕಷ್ಟ ಬಂದರೆ ಒಂದು ಮಾತು. 2019ರ ತಿದ್ದುಪಡಿ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. ಇದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಾವು ರಾಜಿ ಪಂಚಾಯ್ತಿ ಅಂತ ಓಡಾಡಿ ಐದು ತಿಂಗಳು ಕಳೆದುಬಿಟ್ಟಿದ್ದೆವು.

ಅರ್ಜಿಯಲ್ಲಿ ಹಳೇ ಮಾಲೀಕ, ಕೊಂಡವನು, ಕಾಂಟ್ರಾಕ್ಟರ್, ಕಾರ್ಖಾನೆ, ಎಲ್ಲರನ್ನೂ ಸೇರಿಸಿದ್ದೇವೆ. ಆ ಲಾರಿ ಸೀಸನ್ ಪೂರ್ತಿ ತಂದ ಲೋಡುಗಳ ತೂಕದ ಚೀಟಿಗಳನ್ನು ಕಾರ್ಖಾನೆಯಿಂದ ತರಿಸಿ ಅಂತ ಬೇರೆ ಅರ್ಜಿಯೂ ಹಾಕಿದ್ದಾಗಿದೆ. ಮುಂದಿನ ಡೇಟ್‌ಗೆ ಭಾವ ತಾವೇ ಬರುತ್ತಾರಂತೆ, ವಾಕರ್ ಹಿಡಿದುಕೊಂಡು. ಕೋರ್ಟಿನ ಮೆಟ್ಟಿಲು ಎಷ್ಟಿವೆ ಅಂತ ನೆನ್ನೆ ಫೋನ್ ಮಾಡಿ ಕೇಳಿದರು.